ಒಂದು ಗಂಟೆ ಹಾರಾಟ, ಐವತ್ತು ಗಂಟೆ ದುರಸ್ತಿ

ವರ್ಜೀನಿಯಾ ಬೀಚ್,
24 ಸೆಪ್ಟೆಂಬರ್ 2006, ಭಾನುವಾರ

ಮುದ್ದಿನ ಮಗಳು ರೊವೀನಾಗೆ,

ಕೆಮ್ಮು ನಿಂತಿತಾ? ಹಡಗಿನಲ್ಲಿ ನಿದ್ದೆ ಸರಿಯಾಗಿ ಆಗುತ್ತಿದೆಯಾ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮ ಈಗಷ್ಟೇ ಏಡಿ ಬೇಯಲು ಇಟ್ಟಿದ್ದಾಳೆ. ಮಸಾಲೆ ಜಾಸ್ತಿ ಅಂದರೆ ಬೈಗುಳ ನನಗೇ.

ಮೊನ್ನೆ ಶುಕ್ರವಾರ ನಮ್ಮ ಎಫ್-14 ಯುದ್ಧವಿಮಾನಗಳಿಗೆ ವಿದಾಯ ಹೇಳಿದರು. ಕಳೆದ ಪತ್ರದಲ್ಲಿ ನೀನು ಸಿಟ್ಟಿನಿಂದ ಕೇಳಿದ್ದೆ, "ಹೊಸ ರಾಡಾರ್ ಹಾಕಿದ್ರೆ ಇನ್ನೂ ಇಪ್ಪತ್ತು ವರ್ಷ ಹಾರ್ತಿತ್ತಲ್ಲಪ್ಪಾ, ನೀನ್ಯಾಕೆ ಸುಮ್ನಿದ್ದೆ?" ಸುಮ್ಮನಿರಲಿಲ್ಲ ಮಗಳೇ. ಆ ವಿಮಾನ ಕೈಬಿಡಿ ಅಂದವರಲ್ಲಿ ನಾನೂ ಒಬ್ಬ. ಇಷ್ಟು ದಿನ ನಿನಗೆ ಹೇಳುವ ಧೈರ್ಯ ಬರಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ನಮ್ಮ ದುರಸ್ತಿ ತಂಡ ಎಫ್-14 ಒಂದನ್ನು ಮರುದಿನಕ್ಕೆ ಸಿದ್ಧ ಮಾಡಬೇಕಿತ್ತು. ಅದಕ್ಕೆ ಬೇಕಾದ ಬಿಡಿಭಾಗ ಎಲ್ಲೂ ತಯಾರಾಗುತ್ತಿರಲಿಲ್ಲ, ಇನ್ನೊಂದು ವಿಮಾನದಿಂದ ಬಿಚ್ಚಿ ಹಾಕಿದೆವು. ಹದಿನಾರು ಗಂಟೆ ನಿಂತೇ ಇದ್ದೆ. ರೆಕ್ಕೆಯನ್ನು ಹಿಂದೆ ಮುಂದೆ ಸರಿಸುವ ಎಣ್ಣೆಕೊಳವೆಯ ಒಂದು ಜೋಡಣೆಯನ್ನು ನಾನೇ ಬಿಗಿ ಮಾಡದೆ ಬಿಟ್ಟೆ, ನೋಡಿದ್ದೇನೆ ಅಂತ ಸಹಿಯನ್ನೂ ಹಾಕಿದೆ. ಮರುದಿನ ಸಮುದ್ರದ ಮೇಲೆ ಹಾರುವಾಗ ಎಣ್ಣೆ ಸೋರಿ ರೆಕ್ಕೆ ಸಿಕ್ಕಿಕೊಂಡಿತು. ಪೈಲಟ್ ಟೊಬಿಯಾಸ್ ಹೇಗೋ ತಂದು ಇಳಿಸಿದ. ಇಳಿದವನು ನನ್ನ ಹೆಗಲ ಮೇಲೆ ಕೈಯಿಟ್ಟು, "ಮನೆಗೆ ಹೋಗಿ ಮಲಕ್ಕೊಳ್ಳಿ ಚೀಫ್" ಅಂದ. ಬೈದಿದ್ದರೆ ಹಗುರಾಗುತ್ತಿತ್ತು. ತಪ್ಪನ್ನು ಬರೆದುಕೊಟ್ಟೆ, ಶಿಕ್ಷೆಯನ್ನೂ ಒಪ್ಪಿಕೊಂಡೆ.

ಆಮೇಲೆ ನಮ್ಮ ದಳದ ಕಮಾಂಡರ್ ಮೆರಿಕ್ ಕರೆಸಿದರು. "ಲೈಲ್, ಎಫ್-14 ಸುಧಾರಿಸೋದಾ, ಬಿಡೋದಾ ಅಂತ ಮೇಲಿನವರು ಕೇಳ್ತಿದ್ದಾರೆ. ಪ್ರೀತಿ ಪಕ್ಕಕ್ಕಿಟ್ಟು ಹೇಳು" ಅಂದರು. ನಾನು ಹೇಳಿದೆ, "ರಾಡಾರ್ ಹೊಸದು ಹಾಕ್ಬಹುದು ಸರ್. ಒಳಗಿನ ತಂತಿ, ಕೊಳವೆ, ರೆಕ್ಕೆಯ ಕೀಲು ಎಲ್ಲಾ ಅದೇ ಹಳೇವು. ಒಂದು ಗಂಟೆ ಹಾರಿದ್ರೆ ನಮ್ಮವ್ರು ಐವತ್ತು ಗಂಟೆ ದುಡೀಬೇಕು. ಈಗ ಬರ್ತಿರೋ ಹೊಸ ವಿಮಾನಕ್ಕೆ ಅದ್ರಲ್ಲಿ ಕಾಲು ಭಾಗ ಸಾಕು. ಯುದ್ಧದ ಹೊತ್ತಲ್ಲಿ ಇದು ಹಾರೋದಕ್ಕಿಂತ ರಿಪೇರೀಲೇ ನಿಂತಿರುತ್ತೆ. ಜನ ಸುಸ್ತಾದ್ರೆ ತಪ್ಪು ಮಾಡ್ತಾರೆ. ನಾನೇ ಮಾಡ್ದೆ."

ಅಷ್ಟು ಹೇಳಿ ಹೊರಗೆ ಬಂದು, ನೇರ ಆ ವಿಮಾನದ ಹತ್ತಿರ ಹೋಗಿ ನಿಂತೆ. ಅದರಷ್ಟು ಚಂದದ ವಿಮಾನ ನಾನು ನೋಡಿಲ್ಲ, ರೊವೀನಾ. ಶುಕ್ರವಾರ ಕೊನೆಯದು ಹೊರಟಾಗ ಗಂಡಸರೆಲ್ಲ ಬಿಸಿಲಿನ ನೆಪದಲ್ಲಿ ಕಣ್ಣೊರೆಸಿಕೊಂಡೆವು. ಟೊಬಿಯಾಸ್ ಹೆಂಡತಿ ಮಕ್ಕಳ ಜೊತೆ ಬಂದಿದ್ದ. ಮೂರನೆಯದು ಹೆಣ್ಣುಮಗು, ಈಗ ಒಂದು ವರ್ಷ. ಎತ್ತಿಕೊಳ್ಳಿ ಅಂತ ನನ್ನ ಕೈಗೆ ಕೊಟ್ಟ.

ಹುಷಾರಾಗಿರು. ಸುಸ್ತಾದಾಗ ಸುಸ್ತಾಗಿದೆ ಅಂತ ಬಾಯಿಬಿಟ್ಟು ಹೇಳು. ಅಮ್ಮನ ಮುತ್ತುಗಳು.

ನಿನ್ನ ಅಪ್ಪ,
ಲೈಲ್ ಹ್ಯಾಸ್ಕೆಟ್

ತಾ.ಕ.: ಅಮ್ಮ ಏಡಿ ಆರುತ್ತೆ ಅಂತ ಕೂಗುತ್ತಿದ್ದಾಳೆ. ನನ್ನ ಸೇವೆ ಇನ್ನೂ ಮೂರು ವರ್ಷ ಇದೆ. ನೀನು ರಿಪೇರಿ ಮಾಡುವ ಆ ಹೊಸ ವಿಮಾನದ ತರಬೇತಿಗೆ ಹೆಸರು ಕೊಟ್ಟೆ, ನಾಳೆಯಿಂದಲೇ ಶುರು. ತರಗತಿಯಲ್ಲಿ ಎಲ್ಲರಿಗಿಂತ ಮುದುಕ ನಾನೇ. ಗೊತ್ತಾಗದ್ದನ್ನು ನಿನಗೆ ಬರೆದು ಕೇಳುತ್ತೇನೆ, ನಗದೆ ಹೇಳಿಕೊಡು.