ಅತ್ತೆ ಹೊರಟು ನಿಂತದ್ದು

ಮಾರ್ಚ್ ೧೪, ಗುರುವಾರ

ಮಲಗಿದರೂ ಅದೇ ಕಣ್ಣ ಮುಂದೆ ಬರುತ್ತಿದೆ. ಎದ್ದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಹೊಲಿಗೆ ಅಂಗಡಿಯಲ್ಲಿ ಅತ್ತೆ ಫೋನನ್ನು ನನ್ನ ಮಡಿಲಿಗೆ ಎಸೆದರು. ಅವರು ಕಾಲರ್ ಹೊಲಿಯುವುದನ್ನು ಕಲಿಸುವ ವಿಡಿಯೋದ ನಡುವೆ, ಅದನ್ನು ಹಾಕುವ ಆ್ಯಪ್‌ನ ಕಂಪನಿಯವರು ಅಗ್ಗದ ರೆಡಿಮೇಡ್ ಶರ್ಟಿನ ಜಾಹೀರಾತು ತೂರಿಸಿದ್ದರು.

“ನನ್ನ ಕೈಯಿಂದಲೇ ನನ್ನ ಹೊಟ್ಟೆಗೆ ಹೊಡೀತಾರೆ. ಮುಚ್ಚಿಬಿಡೇ ಆ ಖಾತೇನ.”

ಮುಚ್ಚಲು ಹೊರಟೆ. “ತಾಳು,” ಅಂದರು. “ಹೇಳದೆ ಕೇಳದೆ ಎದ್ದು ಹೋಗೋಕೆ ನಾನೇನು ಅವರ ಥರ ಕಳ್ಳಿಯಾ? ಹೋಗ್ತಿದ್ದೀನಿ ಅಂತ ನನ್ನ ವಿಡಿಯೋ ನೋಡೋರಿಗೆಲ್ಲ ಬರಿ.”

ಬರೆದೆ. ಊಟಕ್ಕೆ ಕೂತಾಗ ಬಂದ ಉತ್ತರಗಳನ್ನು ಓದಿ ಹೇಳಿದೆ. ಒಂದೇ ಕೈಯಲ್ಲಿ ಹೊಲಿಯುವ ಅಕ್ಕ ಒಬ್ಬರು, ನಾನೂ ಈ ಆ್ಯಪನ್ನು ಎಂದೋ ಬಿಡಬೇಕಿತ್ತು, ನಿಮ್ಮನ್ನು ನೋಡಿ ಕಲಿಯಲೆಂದು ಉಳಿದೆ ಅಂದಿದ್ದರು. ಅದರ ಕೆಳಗೆ ಒಬ್ಬ ಮುದುಕರು, ಈ ತಂಗಿ ಏನು ಹೊಲಿದಳೆಂದು ನೋಡಲು ನಾನಿದ್ದೇನೆ ಅಂದಿದ್ದರು. ಅವರ ಕೆಳಗೆ ಆ ಮುದುಕರಿಗಾಗಿ ಉಳಿದ ಇನ್ನೊಬ್ಬರು. ಕಂಪನಿಯನ್ನು ಬೈಯದವರು ಒಬ್ಬರೂ ಇರಲಿಲ್ಲ. ಇಷ್ಟೊಂದು ಜನ ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು ಅಲ್ಲಿ ನಿಂತಿದ್ದಾರೆ.

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಮರಳಿ ಇಟ್ಟರು. ಆಮೇಲೆ, “ಮನೆಯೇನೋ ಕಳ್ಳರದ್ದು. ಒಳಗಿರೋರೆಲ್ಲ ನಮ್ಮ ನೆಂಟರು. ಏನು ಮಾಡ್ತೀಯ ಹೇಳು,” ಅಂದರು.

ಖಾತೆ ಮುಚ್ಚಿಸಲಿಲ್ಲ. ಸಂಜೆ ಆ ಅಕ್ಕನಿಗೆಂದು ಶರ್ಟಿಗೆ ತೋಳು ಕೂರಿಸುವ ವಿಡಿಯೋ ಮಾಡಿಸಿದರು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಿಚ್ಚಿ ಬಿಚ್ಚಿ ಹೊಲಿದು, ಕೊನೆಗೂ ಒಂದೇ ಕೈಯಲ್ಲಿ ಕೂರಿಸಿದರು. ಆಗಲೇ ಅದನ್ನು ಖಾತೆಗೆ ಹಾಕಿದೆ.

ಇದರ ನಡುವೆಯೂ ಜಾಹೀರಾತು ತೂರಿಸುತ್ತಾರೆ, ಗೊತ್ತು. ತೂರಿಸಲಿ. ಆ ಅಕ್ಕ ನೋಡಿದರೋ ಇಲ್ಲವೋ, ಇನ್ನೊಂದು ಸಲ ಫೋನು ತೆಗೆದು ನೋಡಿಯೇ ಮಲಗುತ್ತೇನೆ.