ಬೇರಿಂಗ್ ಬಂದಿಲ್ಲ

ಅಕ್ಟೋಬರ್ 6, ಸೋಮವಾರ. ಬೆಳಿಗ್ಗೆ 8.10

ಐದೂವರೆಗೆ ಎದ್ದೆ. ಆರಕ್ಕೆ ಕೆರೆ. ಮಂಜು ದಪ್ಪಗಿತ್ತು, ಆಚೆ ದಡ ಕಾಣಲಿಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ಚಪ್ಪಲಿ, ಪ್ಯಾಂಟಿನ ಅಂಚು ಎಲ್ಲ ಒದ್ದೆ. ಹುಲ್ಲಿನ ಬೀಜ ಮೊಣಕಾಲಿನವರೆಗೆ ಅಂಟಿಕೊಂಡು ಬಂದಿವೆ. ಅಂಗಡಿಯ ಸ್ಟೂಲಿನ ಮೇಲೆ ಕೂತು ಒಂದೊಂದೇ ಕೀಳುತ್ತಾ ಬರೆಯುತ್ತಿದ್ದೇನೆ. ಟೈರ್ ಕಂಪನಿಯವರು ಕೊಟ್ಟ ಡೈರಿ. ಅರ್ಧ ವರ್ಷ ಖಾಲಿ ಬಿದ್ದಿತ್ತು. ಜೂನ್‌ನಲ್ಲಿ ಕೆರೆಗೆ ಹೋಗಲು ಶುರು ಮಾಡಿದ ಮೇಲೆ ಬರೆಯುವ ಚಟವೂ ಹತ್ತಿತು.

ಇವತ್ತಿನ ಲಾಭ — ಮಿಂಚುಳ್ಳಿ ಒಂದು. ನೀರಿನ ಮೇಲೆ ನೀಲಿ ಗೆರೆ ಎಳೆದು ಮಾಯ. ಬೂದು ಬಕ ಎಂದಿನ ಕಲ್ಲಿನ ಮೇಲೆ, ಒಂಟಿ ಕಾಲಲ್ಲಿ. ಬೆಂಚಿನವರು ಮೂವರೂ ಹಾಜರು: ಲೆಕ್ಕದ ಮೇಷ್ಟ್ರು, ಟೋಪಿಯವರು, ಹೊಲಿಗೆಯಮ್ಮ. ಕೆರೆಯ ಆಚೆ ಬಡಾವಣೆಯವರು. ನನಗೊಂದು ಸೈಕಲ್ ಅಂಗಡಿ ಇದೆ ಅಂತ ಗೊತ್ತು, ಕಂಡವರಲ್ಲ. "ಸಾರ್, ಅದ್ಯಾವ ಹಕ್ಕಿ?" ಅಂತ ಮೇಷ್ಟ್ರು ನನ್ನನ್ನೇ ಕೇಳುತ್ತಾರೆ. ಇಪ್ಪತ್ತಾರು ವರ್ಷದಿಂದ ಪಂಕ್ಚರ್ ಹಾಕುತ್ತಿದ್ದೇನೆ, ಅಂಗಡಿಗೆ ಬಂದ ಒಬ್ಬನೂ ಸಾರ್ ಅಂದಿಲ್ಲ.

ವಾಪಸ್ ಬಂದಾಗ ಅಣ್ಣ ಕಿಟಕಿಯಲ್ಲಿ ಕೂತಿದ್ದ. ಎಡಗೈ ಎತ್ತಿ ಬೆರಳನ್ನು ಗುಂಡಗೆ ತಿರುಗಿಸಿದ. ಗಾಲಿಕುರ್ಚಿ ಎಲ್ಲಿಗೆ ಬಂತು ಅಂತ.

"ಬೇರಿಂಗ್ ಬಂದಿಲ್ಲ ಅಣ್ಣ. ಆ ಸೈಜ್ ಸಿಗ್ತಿಲ್ಲ. ಆರ್ಡರ್ ಹಾಕಿದೀನಿ."

ತಲೆಯಾಡಿಸಿದ. ನಾನು ಈ ಕಡೆ ಬಂದು, ಮನೆಗೆ ಅಂಟಿಕೊಂಡೇ ಇರುವ ಅಂಗಡಿಯ ಶಟರ್ ಎತ್ತಿದೆ.

ಬೇರಿಂಗ್ ಬರುವುದೇನು, ಇಲ್ಲೇ ಇದೆ. ಡ್ರಾಯರಿನಲ್ಲಿ, ವಾಲ್ವ್ ಡಬ್ಬಿಯ ಹಿಂದೆ, ಕಾಗದ ಸುತ್ತಿ ಇಟ್ಟಿದ್ದೇನೆ. ಹದಿನೈದು ನಿಮಿಷದ ಕೆಲಸ. ಹನ್ನೆರಡು ದಿನವಾಯಿತು.

ಅಕ್ಟೋಬರ್ 8, ಬುಧವಾರ. ಮಧ್ಯಾಹ್ನ 2

ಬೆಳಿಗ್ಗೆಯೇ ಮಳೆ. ಬಿಡಲಿಲ್ಲ, ಕೊಡೆ ಹಿಡಿದು ಹೋದೆ. ಬೆಂಚಿನವರು ಯಾರೂ ಇಲ್ಲ. ಇಡೀ ಕೆರೆ ನನ್ನೊಬ್ಬನದೇ. ಹನಿ ಬಿದ್ದಲ್ಲೆಲ್ಲ ನೀರು ಕುದಿಯುವ ಹಾಗೆ ಕಾಣುತ್ತಿತ್ತು. ಕೊಡೆಯ ಮೇಲೆ ಸದ್ದು, ಜೊಂಡಿನ ಮೇಲೆ ಬೇರೆ ಸದ್ದು. ಮುಕ್ಕಾಲು ಗಂಟೆ ಸುಮ್ಮನೆ ನಿಂತೆ. ಇಷ್ಟು ಹೊತ್ತು ಸುಮ್ಮನೆ ನಿಲ್ಲಲು ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಈಗ ಅತ್ತಿಗೆ ಅಂಗಡಿಗೇ ಚಹಾ ತಂದು ಕೊಟ್ಟರು. ಲೋಟ ಇಟ್ಟು ಹೋಗಲಿಲ್ಲ, ನಿಂತರು.

"ಡಾಕ್ಟ್ರು ಹೇಳಿದ್ದು ಮರ್ತೆಯೇನಪ್ಪಾ? ದಿನಾ ಹೊರಗೆ ಕರ್ಕೊಂಡು ಹೋಗಿ, ನಾಕು ಜನ ನೋಡ್ಲಿ, ನಾಕು ಮಾತಾಡ್ಲಿ ಅಂದಿದ್ರು. ಹಿಂಗೇ ಗೋಡೆ ನೋಡ್ಕೊಂಡು ಕೂತ್ರೆ ಇರೋ ಮಾತೂ ಹೋಗುತ್ತೆ ಕಣಪ್ಪ."

"ಬಂದ ತಕ್ಷಣ ಹಾಕ್ತೀನಿ ಅತ್ತಿಗೆ."

"ಅಷ್ಟು ಅಪರೂಪದ ಸಾಮಾನಾ ಅದು?"

"ಹೂಂ."

ಹೂಂ ಅಂತೆ! ಮಕ್ಕಳ ಸ್ಕೇಟಿಂಗ್ ಚಕ್ರಕ್ಕೆ ಹಾಕುವಂಥದ್ದೇ ಬೇರಿಂಗ್. ಡಬ್ಬಿ ಅಲ್ಲಾಡಿಸಿದರೆ ನಾಲ್ಕು ಉದುರುತ್ತವೆ. ಅತ್ತಿಗೆಗೆ ಪಾಪ ಏನು ಗೊತ್ತು. ಅವರು ಮಾಡಿ ಹಾಕಿದ್ದನ್ನು ಮೂರು ಹೊತ್ತು ತಿಂದುಕೊಂಡು ಅವರ ಮುಖಕ್ಕೇ ಸುಳ್ಳು ಹೇಳುತ್ತೇನೆ. ಆ ಚಹಾವನ್ನೂ ಕುಡಿದೆ.

ಅಕ್ಟೋಬರ್ 11, ಶನಿವಾರ. ಸಂಜೆ 5

ಗಿರಾಕಿಗಳಿಲ್ಲ. ಇದನ್ನು ಬರೆಯಬಾರದು ಅಂತಲೇ ಇದ್ದೆ. ಬರೆಯದೆ ಬಿಟ್ಟರೆ ಆಗಿಯೇ ಇಲ್ಲ ಅಂದುಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಹೋದ ತಿಂಗಳು ಇಪ್ಪತ್ನಾಲ್ಕು. ಡಾಕ್ಟರ ಪರಿಚಯದವರ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಗಾಲಿಕುರ್ಚಿ ನಮಗೆ ಬಂದು ಎರಡು ದಿನವಾಗಿತ್ತು. ಅಣ್ಣನನ್ನು ಕೂರಿಸಿ ಕೆರೆಗೆ ತಳ್ಳಿಕೊಂಡು ಹೋದೆ. ಖುಷಿಯಿಂದಲೇ ಹೋದೆ. ದಾರಿಯುದ್ದಕ್ಕೂ ಎಲ್ಲದರ ಕಡೆ ಕೈ ತೋರಿಸುತ್ತಿದ್ದ — ಮೋಡ, ನಾಯಿಮರಿ, ಯಾರದೋ ಬೇಲಿಯ ಹೂವು. ಏಪ್ರಿಲ್‌ನಲ್ಲಿ ಸ್ಟ್ರೋಕ್ ಆಗಿ ಬಲಗಡೆ ಬಿದ್ದುಹೋದಾಗಿನಿಂದ ಅವನ ಬಾಯಿಗೆ ಸಿಗುವ ಮಾತು ಹತ್ತೋ ಹನ್ನೆರಡೋ. ಎಲ್ಲವೂ ಅಂಗಡಿಯವೇ.

ಬೆಂಚಿನ ಹತ್ತಿರ ಬಂದಾಗ ಬಕ ಕಂಡಿತು. ಅಣ್ಣ ಇಡೀ ಕೆರೆಗೆ ಕೇಳುವ ಹಾಗೆ ಕೂಗಿದ — "ಸ್ಟ್ಯಾಂಡು! ಸ್ಟ್ಯಾಂಡು!" ಒಂಟಿ ಕಾಲಲ್ಲಿ ನಿಂತಿತ್ತಲ್ಲ, ಸೈಕಲ್‌ಗೆ ಸ್ಟ್ಯಾಂಡ್ ಹಾಕಿದ ಹಾಗೆ. ಅದು ಕತ್ತು ಮೇಲೆ ಕೆಳಗೆ ಮಾಡಿದಾಗ "ಪಂಪು!" ಬಾಯಿಯ ಬಲಗಡೆಯಿಂದ ಜೊಲ್ಲು ಶರ್ಟಿನ ಮೇಲೆ ಇಳಿಯಿತು. ಬಕ ಹಾರಿಹೋಯಿತು. ಟೋಪಿಯವರು ನಕ್ಕರು. ಕೆಟ್ಟ ನಗುವೇನಲ್ಲ. "ಯಾರ್ರೀ ಇವ್ರು?" ಅಂತ ಕೇಳಿದರು.

"ಗಿರಾಕಿ ಸಾರ್. ಕುರ್ಚಿ ರಿಪೇರಿಗೆ ಬಂದಿತ್ತು. ಒಂದ್ಸಲ ಓಡಿಸಿ ನೋಡ್ತಿದೀನಿ."

ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಅಣ್ಣನಿಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ. ಕತ್ತು ತಿರುಗಿಸಿ ನನ್ನ ಮುಖ ನೋಡಿದ. ಮನೆ ಮುಟ್ಟುವ ತನಕ ಯಾವುದಕ್ಕೂ ಕೈ ತೋರಿಸಲಿಲ್ಲ. ಅರ್ಧ ದಾರಿಯಲ್ಲಿ ಮುಂದಿನ ಪುಟ್ಟ ಚಕ್ರ ಕಿರುಗುಟ್ಟಲು ಶುರುವಾಯಿತು. ಬೇರಿಂಗ್ ಹೋಗಿತ್ತು. ಒಳ್ಳೆ ಸಮಯಕ್ಕೆ ಹೋಯಿತು ಅಂದುಕೊಂಡೆ. ಥೂ.

ಆ ಕೆರೆಯನ್ನು ನನಗೆ ತೋರಿಸಿದ್ದೇ ಅವನು. ಸೈಕಲ್ ಬಾರಿಗೆ ಟವೆಲ್ ಸುತ್ತಿ, ನನ್ನನ್ನು ಕೂರಿಸಿಕೊಂಡು, ಭಾನುವಾರ ಬಂತೆಂದರೆ ಅಲ್ಲಿಗೇ. ಮಿಂಚುಳ್ಳಿ, ಬಕ, ನೀರುಕೋಳಿ — ಒಂದೊಂದು ಹೆಸರೂ ಅವನ ಬಾಯಿಂದ ಕಲಿತದ್ದು. ಬೆಂಚಿನವರ ಮುಂದೆ ಅದನ್ನೇ ಒಪ್ಪಿಸಿ ಸಾರ್ ಅನ್ನಿಸಿಕೊಳ್ಳುತ್ತಿದ್ದೇನೆ.

ಅಕ್ಟೋಬರ್ 12, ಭಾನುವಾರ

ಕೆರೆಗೆ ಹೋಗಿದ್ದೆ. ಚೆನ್ನಾಗಿತ್ತು. ಕಷ್ಟ ಇರುವುದೇ ಅಲ್ಲಿ — ಚೆನ್ನಾಗಿತ್ತು.

ಅಕ್ಟೋಬರ್ 19, ಭಾನುವಾರ. ಬೆಳಿಗ್ಗೆ 10

ಒಂದು ವಾರ ಬರೆಯಲಿಲ್ಲ. ಡೈರಿ ತೆಗೆದರೆ ಹನ್ನೊಂದನೇ ತಾರೀಖಿನ ಪುಟವೇ ಬಾಯಿ ಬಿಡುತ್ತದೆ.

ಹೊಸ ಬಾತುಗಳು ಬಂದಿವೆ. ಎಲ್ಲಿಂದಲೋ, ದೂರದಿಂದ. ಇಪ್ಪತ್ತಮೂರು. ಬಿಸಿಲು ಏರುವ ತನಕ ರೆಕ್ಕೆಯೊಳಗೆ ಮೂತಿ ಇಟ್ಟು ತೇಲುತ್ತಿದ್ದವು. ಅಣ್ಣ ಪ್ರತಿ ವರ್ಷ ಇವನ್ನು ಕಾಯುತ್ತಿದ್ದ. "ನೆಂಟರು ಬಂದ್ರು ಕಣೋ" ಅಂತ ಅಂಗಡಿ ಬಾಗಿಲು ಹಾಕಿಸಿ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದ. ಇವತ್ತು ಮನೆಗೆ ಬಂದು ಬಾಯಿ ತೆರೆದೆ, ಮುಚ್ಚಿಕೊಂಡೆ. ಯಾವ ಮುಖ ಇಟ್ಟುಕೊಂಡು ಹೇಳಲಿ?

ಕಿಟಕಿಯಿಂದ ಮಂಚಕ್ಕೆ ಕರೆದೊಯ್ಯಲು ಅವನ ಕಂಕುಳಿಗೆ ಕೈ ಕೊಟ್ಟಾಗ, ನನ್ನ ಪ್ಯಾಂಟಿನಿಂದ ಒಂದು ಹುಲ್ಲಿನ ಬೀಜ ಕಿತ್ತ. ಬೆಳಕಿಗೆ ಹಿಡಿದು ನೋಡಿದ. ಶರ್ಟಿನ ಜೇಬಿಗೆ ಹಾಕಿಕೊಂಡ.

ಅತ್ತಿಗೆಗೆ ಈಗ ಹೊಸ ಚಿಂತೆ. "ಪಂಪು, ಸ್ಟ್ಯಾಂಡು ಎಲ್ಲ ನಿಂತೋಯ್ತು. ಗೋಡೆ ಕಡೆ ತಿರುಗಿ ಗಿ... ಗಿ... ಅಂತಿರ್ತಾರೆ, ದಿನಾ. ಬರೆಯೋಕೆ ಏನಾದ್ರೂ ಬೇಕೇನೋ ಅಂತ ಪೆನ್ನು ಕೊಟ್ರೆ ಎಸೆದ್ರು. ನಿನಗೇನಾದ್ರೂ ಅರ್ಥ ಆಗುತ್ತಾ?"

ಗೇರ್ ಇರಬಹುದು ಅಂದೆ.

ನಾಳೆ ಬೇರಿಂಗ್ ಹಾಕಿಬಿಡುತ್ತೇನೆ. ಖಂಡಿತ.

ಅಕ್ಟೋಬರ್ 20, ಸೋಮವಾರ

ಹಾಕಲಿಲ್ಲ.

ಹೆದರಿಕೆ ಇಷ್ಟೇ. ಅಣ್ಣನನ್ನು ಕರೆದುಕೊಂಡು ಹೋದರೆ ಟೋಪಿಯವರು "ಓ, ನಿಮ್ಮ ಗಿರಾಕಿ ಬಂದ್ರು" ಅಂದೇ ಅನ್ನುತ್ತಾರೆ. ಅಣ್ಣನ ಎದುರಿಗೇ. ಹೌದು ಅಂದರೆ ಅಣ್ಣನನ್ನು ಎರಡನೇ ಸಲ ಕಳೆದುಕೊಂಡ ಹಾಗೆ. ಅಲ್ಲ ಅಂದರೆ ಬೆಂಚಿನವರ ಮುಂದೆ ನನ್ನ ಮಾನ ಹರಾಜು. ಒಡಹುಟ್ಟಿದವನನ್ನು ಗಿರಾಕಿ ಅಂದ ಮನುಷ್ಯ ಅಂತ ಗೊತ್ತಾದ ಮೇಲೆ ಯಾರು ಸಾರ್ ಅನ್ನುತ್ತಾರೆ? ನಲವತ್ತಮೂರು ವರ್ಷ ವಯಸ್ಸಾಗಿದೆ, ಒಂದು ಸಾರ್‌ಗೆ ಇಷ್ಟು ಜೋತುಬಿದ್ದಿದ್ದೇನೆ.

ಅಕ್ಟೋಬರ್ 24, ಶುಕ್ರವಾರ. ಬೆಳಿಗ್ಗೆ 9

ಅಕ್ಷರ ಸೊಟ್ಟಗಿವೆ.

ಕೆರೆಯಿಂದ ಬಂದಾಗ ಶಟರ್ ಅರ್ಧ ತೆರೆದಿತ್ತು. ಕಳ್ಳ ನುಗ್ಗಿದ್ದಾನೆ ಅಂದುಕೊಂಡು ಬಗ್ಗಿ ನೋಡಿದೆ. ಅಣ್ಣ! ನನ್ನ ಸ್ಟೂಲಿನ ಮೇಲೆ. ನನ್ನದೇನು — ಅವನದೇ ಸ್ಟೂಲು, ಅವನೇ ಕಟ್ಟಿದ ಅಂಗಡಿ. ನನಗೆ ಹದಿನೇಳಾದಾಗ ಇಲ್ಲೇ ಕೂರಿಸಿ ಕೆಲಸ ಕಲಿಸಿದ. ಮನೆಯ ಒಳಬಾಗಿಲಿಂದ ಅತ್ತಿಗೆಯ ಹೆಗಲು ಹಿಡಿದು ಬಂದನಂತೆ. ಹದಿನಾಲ್ಕು ಹೆಜ್ಜೆ. ಅರ್ಧ ಗಂಟೆ ಹಿಡಿಯಿತಂತೆ. ಅತ್ತಿಗೆ ಸ್ಪ್ಯಾನರ್ ಹಿಡಿದು ನಿಂತಿದ್ದರು, ಮೊಣಕೈವರೆಗೆ ಗ್ರೀಸು.

ಪುಟ್ಟ ಚಕ್ರ ಮೇಜಿಗೆ ಬಿಗಿದ ಕಬ್ಬಿಣದ ವೈಸ್‌ನಲ್ಲಿತ್ತು. ಬೇರಿಂಗನ್ನು ಚಕ್ರದ ಬಾಯಿಗೆ ಇಟ್ಟು ವೈಸ್ ಬಿಗಿಯುತ್ತಾ ಹೋದರೆ ಅದು ತಾನಾಗಿ ಒಳಗೆ ಕೂರುತ್ತದೆ, ಸುತ್ತಿಗೆ ಬೇಡ. ಅಣ್ಣನೇ ಹೇಳಿಕೊಟ್ಟದ್ದು. ಒಂದು ಕೈ ಇದ್ದರೆ ಸಾಕು.

ಡ್ರಾಯರ್ ತೆರೆದಿತ್ತು. ಕಾಗದ ಕೆಳಗೆ ಬಿದ್ದಿತ್ತು. ವಾಲ್ವ್ ಡಬ್ಬಿಯ ಹಿಂದೆ ಅಂತ ಹೇಗೆ ಗೊತ್ತಾಯಿತು? ಗೊತ್ತಾಗದೆ ಏನು, ಅತ್ತಿಗೆಗೆ ಕಾಣದ ಹಾಗೆ ಸಿಗರೇಟು ಇಡುತ್ತಿದ್ದದ್ದು ಅವನು ಅಲ್ಲೇ.

"ಬೇರಿಂಗ್ ಬಂತಂತೆ ಕಣಪ್ಪ," ಅಂದರು ಅತ್ತಿಗೆ. "ನೀನು ಆ ಕಡೆ ಹೋದೆ, ಈ ಕಡೆ ಬಂತಂತೆ."

ಬೆಳಿಗ್ಗೆ ಆರಕ್ಕೆ ಯಾವ ಪಾರ್ಸಲ್ ಬರುತ್ತದೆ? ಅತ್ತಿಗೆ ನನ್ನ ಮುಖ ನೋಡಲಿಲ್ಲ. ಕೈ ಒರೆಸಿಕೊಳ್ಳುತ್ತಲೇ ಇದ್ದರು.

ಅಣ್ಣ ಚಕ್ರವನ್ನು ಬೆರಳಿಂದ ತಿರುಗಿಸಿ ಬಿಟ್ಟ. ಸದ್ದಿಲ್ಲದೆ ತಿರುಗಿತು. "ಬಂತು," ಅಂದ. ಸ್ಪಷ್ಟವಾಗಿ.

ಸೈಜ್ ಸಿಗುತ್ತಿಲ್ಲ ಅಂತ ನಾನು ಯಾರ ಹತ್ತಿರ ಹೇಳಿದೆ! ಮೂವತ್ತೈದು ವರ್ಷ ಬೇರಿಂಗ್ ಬಡಿದವನ ಹತ್ತಿರ. ಮೊದಲ ದಿನವೇ ಗೊತ್ತಾಗಿದೆ ಅವನಿಗೆ. ಆದರೂ ದಿನವೂ ಬೆರಳು ತಿರುಗಿಸಿ ಕೇಳಿದ. ನಿಜ ಹೇಳಲಿ ಅಂತ ದಿನಕ್ಕೊಂದು ಅವಕಾಶ ಕೊಟ್ಟ. ಮೂವತ್ತು ದಿನ. ಕೊನೆಗೆ ನನ್ನ ಸುಳ್ಳನ್ನು ಅವನೇ ರಿಪೇರಿ ಮಾಡಿ ಕೊಟ್ಟ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಕ್ಟೋಬರ್ 25, ಶನಿವಾರ. ಬೆಳಿಗ್ಗೆ 9.30

ಕರೆದುಕೊಂಡು ಹೋದೆ.

ಬೆಳಗು ಹೇಗಿತ್ತು ಅಂದರೆ — ತಣ್ಣನೆ ಗಾಳಿ, ಎಳೆ ಬಿಸಿಲು, ಮೋಡದ ತುಣುಕಿಲ್ಲ. ಅಣ್ಣ ಮತ್ತೆ ಎಲ್ಲದರ ಕಡೆ ಕೈ ತೋರಿಸಿದ. ಬೇಲಿಯ ಹೂವು ಬಾಡಿತ್ತು, ಅದನ್ನೂ ತೋರಿಸಿದ. ಬಾತುಗಳು ಕಂಡಾಗ ಕೈ ಇಳಿಸಿದ. ಕಣ್ಣಲ್ಲಿ ನೀರು. ನಾನು ಹಿಂದೆ ನಿಂತು ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಬೆಂಚಿನವರು ಜಾಗ ಮಾಡಿಕೊಟ್ಟರು. ಟೋಪಿಯವರು ಏನೂ ಅನ್ನಲಿಲ್ಲ. ಕೇಳಿದ್ದು ಹೊಲಿಗೆಯಮ್ಮ. ಅಳತೆ ನೋಡಿ ನೋಡಿ ಪಳಗಿದ ಕಣ್ಣು. "ಇವರು ನಿಮ್ಮೋರಾ? ಮೂಗು, ಹಣೆ ಎಲ್ಲ ಒಂದೇ ಥರ ಇದೆಯಲ್ಲ?"

ಬಾಯಿ ತೆರೆದೆ. ನಾಲಗೆ ಏಳಲಿಲ್ಲ. ಎಷ್ಟು ಹೊತ್ತು? ಒಂದು ಉಸಿರು ಇರಬಹುದು. ಅಷ್ಟರಲ್ಲಿ ಅಣ್ಣ ಎಡಗೈ ಎತ್ತಿದ. ಕತ್ತಿನ ನರ ಉಬ್ಬಿತು.

"ಗಿ... ರಾ... ಕಿ."

ಹೇಳಿ ನಕ್ಕ. ತನ್ನ ಎದೆ ಮುಟ್ಟಿಕೊಂಡು, ಹೆಬ್ಬೆರಳಲ್ಲಿ ಹಿಂದೆ ನಿಂತಿದ್ದ ನನ್ನನ್ನು ತೋರಿಸಿ ಇನ್ನೊಂದು ಸಲ ಹೇಳಿದ. "ಗಿರಾಕಿ."

ಮೇಷ್ಟ್ರು ನಕ್ಕರು. ಹೊಲಿಗೆಯಮ್ಮ "ಹೌದಾ, ನನ್ ಕಣ್ಣಿಗೂ ವಯಸ್ಸಾಯ್ತು" ಅಂದರು. ನಾನೂ ನಕ್ಕೆ. ನಕ್ಕೆ ಅಂತ ಬರೆಯುತ್ತಿದ್ದೇನೆ, ಇರಲಿ ಇಲ್ಲಿ.

ಅದು ಅವನ ಹತ್ತು ಮಾತುಗಳಲ್ಲಿ ಇದ್ದ ಮಾತಲ್ಲ. ಗೋಡೆ ಕಡೆ ತಿರುಗಿ ಗಿ, ಗಿ ಅಂತ ದಿನಗಟ್ಟಲೆ ಕೂಡಿಸಿ ಕೂಡಿಸಿ ಕಲಿತದ್ದು. ಕೆರೆಯ ಮುಂದೆ ತಮ್ಮನ ಮಾನ ಹೋಗಬಾರದು ಅಂತ. ಬಾತು ಅಂತ ಕಲಿಯಬಹುದಿತ್ತು. ಹೆಂಡತಿಯ ಹೆಸರು ಕಲಿಯಬಹುದಿತ್ತು.

ಅಕ್ಟೋಬರ್ 26, ಭಾನುವಾರ. ಬೆಳಿಗ್ಗೆ 5.40

ಮಂಜು ಬಿದ್ದಿದೆ. ಅತ್ತಿಗೆ ಒಳಗೆ ಅಣ್ಣನಿಗೆ ಸ್ವೆಟರ್ ಹಾಕುತ್ತಿದ್ದಾರೆ. ಭಾನುವಾರ, ಬೆಂಚಿನವರು ಮೂವರೂ ಇರುತ್ತಾರೆ. ಹೇಳಬೇಕಾದದ್ದನ್ನು ಬರೆದು ಬಾಯಿಪಾಠ ಮಾಡಿಕೊಂಡು ಹೋಗೋಣ ಅಂತ ಕೂತೆ. ಆ ಬಾಯಿಟ್ಟುಕೊಂಡು ಅವನೇ ಕಲಿತ. ನನ್ನ ನಾಲಗೆ ನೆಟ್ಟಗೇ ಇದೆ.

ಮೊದಲು ಸುಳ್ಳು ಹೇಳಿದ್ದೆ ಅನ್ನಬೇಕಾ, ಆಮೇಲೆ ಇದಾ? ಬೇಡ. ಇದೇ ಮೊದಲು. ಅವರು ಏನಾದರೂ ಅಂದುಕೊಳ್ಳಲಿ. ಬೆಂಚು ಹೋದರೆ ಹೋಯಿತು, ಕೆರೆಗೆ ನಾಲ್ಕು ದಡ ಇವೆ.

ಚಕ್ರಕ್ಕೆ ಈಗ ಸದ್ದೇ ಇಲ್ಲ, ಬಂದದ್ದು ಗೊತ್ತಾಗಲಿಲ್ಲ. ಅಣ್ಣ ಬಾಗಿಲಲ್ಲಿದ್ದಾನೆ. ಬೆರಳು ಗುಂಡಗೆ ತಿರುಗಿಸುತ್ತಿದ್ದಾನೆ, ಹೊರಡು ಅಂತ.

ಒಂದೇ ನಿಮಿಷ.

ಮೇಷ್ಟ್ರೇ, ಸಾರ್, ಅಮ್ಮ — ಇವನು ನಮ್ಮ —