ಬೂಟಿನೊಳಗೆ ಕೈ

ಡುರಾಂಗೊ, ಮಂಗಳವಾರ

ಅಪ್ಪಾ,

ನಿಮ್ಮ ಕಾಲ್ಬೆರಳು ಕತ್ತರಿಸಬೇಕಿಲ್ಲ ಎಂದು ಡಾಕ್ಟರು ಇವತ್ತು ಹೇಳಿದರು. ಗಾಯ ಮಾಗುತ್ತಿದೆ.

ಚೇಳಿಗೆ ಹೆದರಿ ನೀವು ದಿನಾ ಹಾಕಿಕೊಳ್ಳುವ ಮೊದಲು ಬೂಟನ್ನು ಗೋಡೆಗೆ ಬಡಿಯುತ್ತೀರಿ. ಬಡಿದರೆ ಚೇಳು ಬೀಳುತ್ತದೆ, ಅಟ್ಟೆಯಿಂದ ಒಳಬಂದ ಮೊಳೆ ಬೀಳುವುದಿಲ್ಲ. ಸಕ್ಕರೆ ಕಾಯಿಲೆಗೆ ಜೋಮು ಹಿಡಿದ ಪಾದಕ್ಕೆ ಅದು ಚುಚ್ಚಿದ್ದೇ ತಿಳಿಯಲಿಲ್ಲ. ಇನ್ನು ಮೇಲೆ ಬಡಿದ ನಂತರ ಒಳಗೆ ಕೈ ಹಾಕಿ ತಡವಿ ನೋಡಿ.

"ನಂಗೆ ನೋವೇ ಇಲ್ಲ ಕಣೇ, ಹೋಗು, ಆ ಕಿರುಚೋರನ್ನ ನೋಡು" ಎಂದು ತುರ್ತು ವಿಭಾಗದಲ್ಲಿ ಗದರಿದಿರಿ. ಕಿರುಚುವವರಿಗೆ ಉಸಿರಾದರೂ ಇರುತ್ತದೆ. ನಾವು ನರ್ಸುಗಳು ಮೊದಲು ಹೋಗುವುದು ಸುಮ್ಮನೆ ಕೂತವರ ಬಳಿಗೆ.

ಭಾನುವಾರ ಪಟ್ಟಿ ಬದಲಿಸಲು ಬರುತ್ತೇನೆ. ಅಲ್ಲಿಯವರೆಗೆ ಆ ಕಾಲು ಊರಬೇಡಿ. ಕಾಲಿನ ಆರೈಕೆಯ ಬಗ್ಗೆ ನಾನು ಕಲಿಸಿದ್ದನ್ನೆಲ್ಲ ಅವತ್ತು ನೀವೇ ನನಗೆ ಹೇಳಿ ತೋರಿಸಬೇಕು, ತಲೆಯಾಡಿಸಿದರೆ ಒಪ್ಪುವುದಿಲ್ಲ.

ಮಾಗಿದ ಮೇಲೆ ಹೊಸ ಬೂಟು ಕೊಳ್ಳೋಣ, ಎರಡೂ ಕಾಲಿಗೆ.

ನಿಮ್ಮ ಮಗಳು,
ಒಬ್ದುಲಿಯಾ